ಹಜಾರದಲ್ಲಿ ನಾಳೆಯ ಪೊಲೀಸರು

"ನಾಲ್ಕೇ ನಾಲ್ಕು ದಿನ" ಎಂದು ಹೇಳಿ ಗಂಡ ಆ ಪೆಟ್ಟಿಗೆಯನ್ನು ಮನೆಗೆ ತಂದಿದ್ದ. ಐದು ತಿಂಗಳಾದರೂ ಅದು ಹಜಾರದಿಂದ ಕದಲಿರಲಿಲ್ಲ.

ಪೆಟ್ಟಿಗೆ ಎಂದರೆ ಚಿಕ್ಕಪುಟ್ಟದ್ದಲ್ಲ, ಆಳೆತ್ತರದ ಬೀರುವಿನಂಥದ್ದು. ಎದೆಮಟ್ಟದಲ್ಲಿ ಉಬ್ಬು ಗಾಜಿನ ಪರದೆ, ಅದರ ಕೆಳಗೆ ಎರಡು ಹಿಡಿಕೆ, ಆರು ಗುಂಡಿ, ನಾಣ್ಯ ಹಾಕುವ ಸೀಳು. ಹಿಂದೆ ಮಾವನವರು ಬಸ್ ನಿಲ್ದಾಣದ ಎದುರು ವಿಡಿಯೋ ಆಟಗಳ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿದಾಗ ಅಲ್ಲಿದ್ದ ಎಂಟು ಯಂತ್ರಗಳಲ್ಲಿ ಏಳು ಗುಜರಿಗೆ ಹೋದವು. ಎಂಟನೆಯದನ್ನು ಗಂಡ ಬಿಡಲಿಲ್ಲ. ಅವನು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಕಂಪನಿಯ ಗೋದಾಮಿನ ಮೂಲೆಯಲ್ಲಿ ಅದನ್ನು ಹದಿನಾರು ವರ್ಷ ಅಡಗಿಸಿ ಇಟ್ಟಿದ್ದ. ಗೋದಾಮು ಖಾಲಿ ಮಾಡಿದ ದಿನ ನಾಲ್ಕು ಜನ ಜೊತೆಗಾರರು ಅದನ್ನು ಹೊತ್ತು ಮೂರು ಮಹಡಿ ಹತ್ತಿಸಿ, ಅವನ ಹೆಂಡತಿ, ಆ ಮನೆಯ ಸೊಸೆ, ಮಾಡಿಕೊಟ್ಟ ಟೀ ಕುಡಿದು ಹೋದರು. ಲಿಫ್ಟಿನವರು ತಂದ ಆ ಪೆಟ್ಟಿಗೆ ಆ ಕಟ್ಟಡದ ಲಿಫ್ಟಿನೊಳಗೆ ಹಿಡಿಸಿರಲಿಲ್ಲ.

ಅದರೊಳಗೆ ಇದ್ದದ್ದು ಒಂದೇ ಆಟ. ಮುಂದಿನ ಯಾವುದೋ ಶತಮಾನದ ಪಟ್ಟಣ, ಗಾಳಿಯಲ್ಲಿ ತೇಲುವ ಕಾರುಗಳು, ತಲೆಕೆಟ್ಟು ಜನರ ಮೇಲೆ ಬಿದ್ದ ಯಂತ್ರಮಾನವರು. ನೀಲಿ ಕವಚ ತೊಟ್ಟ ಪೊಲೀಸನೊಬ್ಬ ಎಡದಿಂದ ಬಲಕ್ಕೆ ಓಡುತ್ತ, ಗುಂಡು ಹಾರಿಸುತ್ತ, ಮುರಿದ ಸೇತುವೆಗಳನ್ನು ಜಿಗಿಯುತ್ತ ಏಳು ಹಂತ ದಾಟಬೇಕು. ಅವನಿಗೆ ಹಿಂದಕ್ಕೆ ಬರಲು ಆಗುವುದಿಲ್ಲ. ಆ ಕಾಲದ ಹುಡುಗರು ಅದನ್ನು 'ನಾಳೆಯ ಪೊಲೀಸ್' ಎಂದು ಕರೆಯುತ್ತಿದ್ದರು. ಗಂಡ ಹತ್ತು ವರ್ಷದವನಾಗಿದ್ದಾಗಿನಿಂದ ಅದನ್ನು ಆಡಿದ್ದ. ಏಳನೇ ಹಂತದಲ್ಲಿ ಬರುವ ದೈತ್ಯ ಯಂತ್ರವನ್ನು ಮಾತ್ರ ಒಮ್ಮೆಯೂ ಕೆಡವಿರಲಿಲ್ಲ. ಅವನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ಮಾವನವರು "ಅಂಗಡಿ ಮುಚ್ಚೋ ಹೊತ್ತಾಯ್ತು" ಎಂದು ಮೇನ್ ಸ್ವಿಚ್ ಆರಿಸುತ್ತಿದ್ದರಂತೆ.

"ಆಮೇಲೆ ಏನಾಗುತ್ತೆ ಅಂತ ಒಂದ್ಸಲ ನೋಡ್ಬೇಕು ಕಣೇ" ಎನ್ನುತ್ತಿದ್ದ. ಆಗ ಯಂತ್ರ ಕೆಟ್ಟಿತ್ತು, ಪರದೆಯಲ್ಲಿ ಬರೀ ಗೆರೆ ಓಡುತ್ತಿದ್ದವು. ಹೇಗೂ ಬಾಯಿಲ್ಲದ ಪೆಟ್ಟಿಗೆ, ಬಿದ್ದಿರಲಿ ಎಂದು ಸೊಸೆ ಅದರ ಮೇಲೆ ಒಗೆದ ಬಟ್ಟೆ ಮಡಿಸಿಡತೊಡಗಿದಳು.

ಹೀಗಿರುವಾಗ ಅತ್ತೆ ಮಾರುಕಟ್ಟೆಯ ಮೆಟ್ಟಿಲ ಮೇಲೆ ತರಕಾರಿ ಚೀಲದ ಸಮೇತ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಹನ್ನೊಂದನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಹೇಳಿದರು: "ಮಲಗಿಸಿಬಿಡಬೇಡಿ. ಬಚ್ಚಲಿಗೆ ಇವರೇ ವಾಕರ್ ಹಿಡ್ಕೊಂಡು ನಡ್ಕೊಂಡು ಹೋಗ್ಬೇಕು. ಅದೇ ಔಷಧಿ."

ಅತ್ತೆ ಮೊದಲು ಮೊಮ್ಮಗಳ ಜೊತೆ ಚಿಕ್ಕ ಕೋಣೆಯಲ್ಲಿ ಮಲಗುತ್ತಿದ್ದರು. ಅಲ್ಲಿ ವಾಕರ್ ತಿರುಗಿಸಲು ಜಾಗವಿಲ್ಲ. ಮಂಚ ಹಜಾರಕ್ಕೆ ಬಂತು. ಬಚ್ಚಲಿನ ಬಾಗಿಲು ಹಜಾರದ ಕೊನೆಯಲ್ಲೇ ಇತ್ತು, ಮಂಚದಿಂದ ಎಂಟು ಹೆಜ್ಜೆ. ಆದರೆ ನಡುವೆ ಪೆಟ್ಟಿಗೆ.

ಸೊಸೆ ಕನ್ನಡಕದಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಗಿರಾಕಿಗೆ ತಲೆನೋವು ಶುರುವಾಗುತ್ತದೆ ಎಂದು ಬಲ್ಲವಳು. ಅವಳು ಟೇಪು ತಂದು ಅಳೆದಳು. ವಾಕರ್ ಇಪ್ಪತ್ನಾಲ್ಕು ಇಂಚು ಅಗಲ. ಪೆಟ್ಟಿಗೆಗೂ ಗೋಡೆಗೂ ನಡುವೆ ಇಪ್ಪತ್ತೊಂದು.

"ರೀ, ಮೂರಿಂಚು ಸಾಲ್ದು. ಇದನ್ನ ತೆಗೀಬೇಕು."

"ತೆಗೀತೀನಿ. ಭಾನುವಾರ ಹುಡುಗ್ರನ್ನ ಕರೀತೀನಿ."

"ಇವತ್ತು ಸೋಮವಾರ."

"ಆರು ದಿನ ತಾನೇ? ನೀನೂ ಪುಟಾಣಿನೂ ಇದೀರಲ್ಲ, ಸ್ವಲ್ಪ ಹಿಡ್ಕೊಳ್ಳಿ."

ಪುಟಾಣಿ ಎಂದರೆ ಹದಿನೇಳು ವರ್ಷದ ಮಗಳು. ಅಪ್ಪನಿಗಿಂತ ಎರಡು ಬೆರಳು ಎತ್ತರ ಬೆಳೆದಿದ್ದರೂ ಹೆಸರು ಬದಲಾಗಿರಲಿಲ್ಲ. ಅಂದಿನಿಂದ ಅಮ್ಮ ಮಗಳಿಬ್ಬರದೂ ಒಂದೇ ಕೆಲಸವಾಯಿತು. ಮಗಳು ವಾಕರನ್ನು ಎತ್ತಿ ಪೆಟ್ಟಿಗೆಯ ಆಚೆ ಇಡಬೇಕು. ಸೊಸೆ ಅತ್ತೆಯ ಎರಡೂ ತೋಳು ಹಿಡಿದು ಏಡಿಯ ಹಾಗೆ ಅಡ್ಡಡ್ಡ ನಡೆಸಬೇಕು. ಅತ್ತೆಯ ಬೆನ್ನು ಗೋಡೆಗೆ ತಿಕ್ಕುತ್ತಿತ್ತು, ಹೊಲಿಗೆ ಹಾಕಿದ ಜಾಗ ಪೆಟ್ಟಿಗೆಯ ಮೂಲೆಗೆ ತಗಲುತ್ತಿತ್ತು. ಪ್ರತಿ ಸಲವೂ ಅವರು ಹಲ್ಲುಕಚ್ಚಿ "ಏನಿಲ್ಲ, ಏನಿಲ್ಲ" ಎನ್ನುತ್ತಿದ್ದರು.

ಮೊದಲ ಭಾನುವಾರ ಯಾವುದೋ ಆಸ್ಪತ್ರೆಯ ಲಿಫ್ಟ್ ನಿಂತುಹೋಗಿ ಗಂಡನಿಗೆ ಕರೆ ಬಂತು. ಎರಡನೆಯ ಭಾನುವಾರ ನಾಲ್ವರಲ್ಲಿ ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬ ಊರಲ್ಲಿಲ್ಲ. ಮೂರನೆಯ ವಾರ ಗಂಡ ಒಂದು ಹಳೇ ಸರ್ಕ್ಯೂಟ್ ಬೋರ್ಡ್ ಎಲ್ಲಿಂದಲೋ ಹುಡುಕಿ ತಂದು, ಎರಡು ದಿನ ಬೆಳಗ್ಗೆ ಬೆಸುಗೆ ಹಾಕುತ್ತ ಕೂತ. ಯಂತ್ರಕ್ಕೆ ಜೀವ ಬಂತು.

ಗಂಡನಿಗೆ ರಜೆಯಿದ್ದ ಒಂದು ಸಂಜೆ ಸೊಸೆ ಕೆಲಸದಿಂದ ಬಂದಾಗ ಮನೆಯೆಲ್ಲ ಟುಂಯ್ ಟುಂಯ್ ಸದ್ದು. ಮಡಿಸಿಟ್ಟ ಬಟ್ಟೆಗಳು ನೆಲದ ಮೇಲೆ.

"ತೆಗೀತೀನಿ ಅಂದಿದ್ದು ಇದನ್ನೇನಾ?"

"ಅಮ್ಮನಿಗೆ ಹೊತ್ತು ಹೋಗ್ಲಿ ಅಂತ" ಎಂದ ಗಂಡ, ಪರದೆಯಿಂದ ಕಣ್ಣು ಕೀಳದೆ.

"ಅವರ ಮಂಚದಿಂದ ಪರದೆನೇ ಕಾಣ್ಸಲ್ಲ."

ಅದು ನಿಜವಾಗಿತ್ತು. ಮಂಚದ ತಲೆದೆಸೆ ಪೆಟ್ಟಿಗೆಯ ಪಕ್ಕಕ್ಕೆ ಆತುಕೊಂಡಿತ್ತು, ಅತ್ತೆಗೆ ಕಾಣುತ್ತಿದ್ದದ್ದು ಬರೀ ಹಲಗೆ. ಆದರೆ ಅತ್ತೆ ಸುಮ್ಮನೆ ಮಲಗಿರಲಿಲ್ಲ.

"ಈಗ ಕೂತ್ಕೋ" ಎಂದರು ಇದ್ದಕ್ಕಿದ್ದಂತೆ. "ಮೇಲಿಂದ ಬಂಡಿ ಬರುತ್ತೆ."

ಪರದೆಯ ಮೇಲೆ ಹಾರುವ ಬಂಡಿಯೊಂದು ಬಂದು ನೀಲಿ ಪೊಲೀಸನನ್ನು ಕೆಡವಿತು.

"ಹೇಳಿದ್ನಲ್ಲೋ, ಕಿವುಡ! ಆ ಕೊಂಯ್ ಅನ್ನೋ ಸದ್ದು ಬಂದ ತಕ್ಷಣ ಕೂತ್ಕೋಬೇಕು."

ಮಗಳು ನಕ್ಕಳು. "ಅಜ್ಜಿ, ನೀನೂ ಆಡ್ತಿದ್ಯಾ?"

"ನಾನೆಲ್ಲಿ ಆಡಿದೆ? ಬೀದಿ ಕಡೆ ಮುಖ ಮಾಡ್ಕೊಂಡು ಗಲ್ಲಾದಲ್ಲಿ ಕೂತಿರ್ತಿದ್ದೆ. ಇಪ್ಪತ್ತು ವರ್ಷ ಚಿಲ್ಲರೆ ಕೊಟ್ಟಿದೀನಿ, ಒಂದಿನ ಹಿಂದೆ ತಿರುಗಿ ನೋಡಿಲ್ಲ. ಕಿವಿಗೆ ಬೀಳ್ತಿತ್ತು ಅಷ್ಟೆ."

ಸೊಸೆಗೂ ನಗು ಬಂತು. ಮನೆಗೆ ಬಂದ ಮೇಲೆ ಅತ್ತೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಆದರೆ ಅಡುಗೆಮನೆಗೆ ಕಾಲಿಟ್ಟ ಕೂಡಲೇ ನಗು ಇಳಿದುಹೋಯಿತು. ಬೆಳಗಿನ ಪಾತ್ರೆ ಹಾಗೇ ಬಿದ್ದಿದ್ದವು. ಒಲೆಯ ಮೇಲೆ ಬೀನ್ಸ್ ತಳ ಹಿಡಿದಿತ್ತು. ಮಧ್ಯಾಹ್ನ ಕೊಡಬೇಕಿದ್ದ ಮಾತ್ರೆ ಇನ್ನೂ ಡಬ್ಬಿಯಲ್ಲೇ ಇತ್ತು.

"ಮಾತ್ರೆ ಯಾಕೆ ಕೊಟ್ಟಿಲ್ಲ?"

"ಪುಟಾಣಿ ಕೊಟ್ಟಿರ್ತಾಳೆ ಅಂದ್ಕೊಂಡೆ."

"ನಾನು ಎರಡೂವರೆಗೆ ಬಂದೆ ಅಪ್ಪ. ಮಾತ್ರೆ ಒಂದು ಗಂಟೆಗೆ."

"ಆಯ್ತು, ಈಗ ಕೊಡಿ. ಒಂದು ಮಾತ್ರೆಗೆ ಇಷ್ಟೊಂದು ರಂಪ ಯಾಕೆ?"

ಸೊಸೆ ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಎಸೆದಳು. ಪಾತ್ರೆಗಳ ಸದ್ದು ಆಟದ ಗುಂಡಿನ ಸದ್ದಿನಲ್ಲಿ ಮುಚ್ಚಿಹೋಯಿತು.

ಆ ತಿಂಗಳು ಗಂಡನಿಗೆ ಎರಡು ಗಂಟೆಯ ನಂತರದ ಪಾಳಿ. ಬೆಳಗ್ಗೆ ಅಮ್ಮನನ್ನು ನೋಡಿಕೊಳ್ಳುವ ಹೊಣೆ ಅವನದು. ಅವನು ನೋಡಿಕೊಳ್ಳುತ್ತಿದ್ದ, ಇಲ್ಲವೆನ್ನುವಂತಿಲ್ಲ. ಅಮ್ಮನಿಗೆ ಬ್ರೆಡ್ಡಿನ ಅಂಚು ಕತ್ತರಿಸಿ ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದ, ತಲೆ ಬಾಚುತ್ತಿದ್ದ, ತಮಾಷೆ ಮಾಡಿ ನಗಿಸುತ್ತಿದ್ದ. ಆದರೆ ಪೆಟ್ಟಿಗೆಯ ಎದುರು ನಿಂತನೆಂದರೆ ಮನೆಗೆ ಬೆಂಕಿ ಬಿದ್ದರೂ ತಿಳಿಯುತ್ತಿರಲಿಲ್ಲ. "ಒಂದ್ನಿಮಿಷ" ಎಂಬುದೊಂದೇ ಅವನ ಬಾಯಲ್ಲಿ. ನಾಲ್ಕನೆಯ ಭಾನುವಾರ "ಆರನೇ ಹಂತ ದಾಟಿದೀನಿ, ಇನ್ನೊಂದೇ ವಾರ" ಎಂದ.

ವಾರಕ್ಕೆರಡು ಸಲ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ಪೆಟ್ಟಿಗೆಯನ್ನೂ ವಾಕರನ್ನೂ ನೋಡಿದಳು.

"ನಾಲ್ಕು ವಾರ ಆಯ್ತು, ಇವರು ಒಬ್ರೇ ಎಂಟು ಹೆಜ್ಜೆ ಇಟ್ಟಿಲ್ಲ ಅಂತೀರಾ? ಇಲ್ಲೇನು ಇದು?"

"ಪೊಲೀಸ್ ಸ್ಟೇಷನ್" ಎಂದಳು ಸೊಸೆ.

ಹುಡುಗಿ ನಗಲಿಲ್ಲ. "ಹೀಗೇ ಹಿಡ್ಕೊಂಡು ಹಿಡ್ಕೊಂಡು ಓಡಾಡಿಸಿದ್ರೆ ಆ ಕಾಲಿನ ಶಕ್ತಿ ಹೋಗಿಬಿಡುತ್ತೆ. ಆಮೇಲೆ ನನ್ನನ್ನ ಕೇಳ್ಬೇಡಿ."

ರಾತ್ರಿ ಗಂಡ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಾಗ ಸೊಸೆ ಆ ಮಾತನ್ನು ಹೇಳಿದಳು. ಅವನು ಮೊಟ್ಟೆ ಸುಲಿಯುತ್ತ, "ಆ ಹುಡುಗಿಗೆ ಎಷ್ಟು ವಯಸ್ಸು? ಇಪ್ಪತ್ತೆರಡಾ?" ಎಂದ.

"ಅಳತೆಗೆ ವಯಸ್ಸು ಬೇಕಾ? ರೀ, ಯಾವನೋ ಗುರುತಿಲ್ಲದವನು ಲಿಫ್ಟಲ್ಲಿ ಸಿಕ್ಕಾಕ್ಕೊಂಡ್ರೆ ಹತ್ತು ನಿಮಿಷದಲ್ಲಿ ಓಡಿ ಹೋಗಿ ಬಿಡಿಸ್ತೀರಿ. ನಿಮ್ಮಮ್ಮ ಇಲ್ಲಿ ಒಂದು ತಿಂಗಳಿಂದ ಸಿಕ್ಕಾಕ್ಕೊಂಡಿದಾರೆ."

"ಅದು ನಮ್ಮಪ್ಪನ ಕೊನೇ ಸಾಮಾನು."

"ನಿಮ್ಮಪ್ಪನ ಹೆಂಡತಿ ಇಲ್ಲೇ ಮಲಗಿದಾರೆ."

"ಊಟ ಮಾಡ್ರೋ" ಎಂದರು ಅತ್ತೆ ಮಂಚದಿಂದ. "ನನ್ನ ಹೆಸರಲ್ಲಿ ಜಗಳ ಬೇಡ. ನಾನು ಹೇಗೋ ಇರ್ತೀನಿ."

ಸೊಸೆಯ ಸಿಟ್ಟಿಗೆ ಅರ್ಧ ಕಾರಣ ಆ 'ಹೇಗೋ ಇರ್ತೀನಿ'. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಬೆಂದವಳು ಅವಳು. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಹತ್ತು ಮಾತಾಡುತ್ತಿದ್ದ ಬಾಯಿ, ಮಗನೆದುರು ಮಾತ್ರ ಬೀಗ ಹಾಕಿಕೊಳ್ಳುತ್ತಿತ್ತು.

ಐದನೆಯ ವಾರದ ಗುರುವಾರ ಗಂಡನಿಗೆ ರಜೆ. ಸೊಸೆ ಆರು ಗಂಟೆಗೆ ಮನೆಗೆ ಬಂದಾಗ ಆಟ ನಿಂತಿತ್ತು, ಗಂಡ ಟೀ ಮಾಡುತ್ತಿದ್ದ. ಕೇಳದೆಯೇ ಅವಳಿಗೂ ಒಂದು ಲೋಟ ಕೊಟ್ಟ. ಅವಳಿಗೆ ಆಗಲೇ ಅನುಮಾನ ಬಂತು.

ಕೈ ತೊಳೆಯಲು ಬಚ್ಚಲಿಗೆ ಹೋದಾಗ ಅಡುಗೆಕಟ್ಟೆ ಒರೆಸುವ ಅವಳ ಹಳದಿ ಬಟ್ಟೆ ನಲ್ಲಿಯ ಮೇಲೆ ನೇತಾಡುತ್ತಿತ್ತು. ಹಿಂಡಿದ್ದರೂ ಸರಿಯಾಗಿ ಜಾಲಿಸಿರಲಿಲ್ಲ. ಮೂಗಿನ ಹತ್ತಿರ ತಂದಳು. ಬಕೆಟ್ಟಿನಲ್ಲಿ ಅತ್ತೆಯ ಉಡುಪು ನೆನೆಹಾಕಿತ್ತು, ಸೋಪಿನ ಪುಡಿ ಮುದ್ದೆಮುದ್ದೆಯಾಗಿ ತೇಲುತ್ತಿತ್ತು.

"ಇದು ಅಡುಗೆಮನೆ ಬಟ್ಟೆ" ಎಂದಳು ಹೊರಗೆ ಬಂದು. "ಏನು ಒರೆಸಿದ್ರಿ?"

"ನೀರು ಚೆಲ್ತು."

"ಎಲ್ಲಿ?"

"ಅಲ್ಲೇ... ಮಂಚದ ಹತ್ರ."

ಅತ್ತೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ಮಲಗಿದ್ದರು. ಗಂಡ ಬೇರೆ ಉಡುಪನ್ನು ಹಿಂದುಮುಂದಾಗಿ ತೊಡಿಸಿದ್ದ, ಗುಂಡಿಗಳು ಬೆನ್ನ ಮೇಲಿದ್ದವು. ಸೊಸೆ ಬಿಸಿನೀರು ತಂದಳು. ಗಂಡನನ್ನು ಬಾಲ್ಕನಿಗೆ ಕಳಿಸಿ ಬಾಗಿಲು ಹಾಕಿದಳು. ಅತ್ತೆಯ ಕಾಲು ಒರೆಸಿ, ಉಡುಪು ಸರಿಮಾಡಿ, ಹಾಸಿಗೆಯ ಬಟ್ಟೆ ಬದಲಿಸಿದಳು.

"ಅವನಿಗೆ ಏನೂ ಅನ್ಬೇಡ" ಎಂದರು ಅತ್ತೆ, ಇನ್ನೂ ಗೋಡೆಯನ್ನೇ ನೋಡುತ್ತ.

"ನಾನೇನೂ ಅಂದಿಲ್ವಲ್ಲ."

"ಮೂರು ಸಲ ಕರೆದೆ. ಒಂದ್ನಿಮಿಷ ಅಂದ." ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡರು. "ಚಿಕ್ಕವನಿದ್ದಾಗ ಅವನದ್ದು ಎಷ್ಟು ತೊಳೆದಿದೀನಿ. ಅವನ ಕೈಲಿ ಇದನ್ನ ಒರೆಸಿಸ್ಕೊಂಡಾಗ ನೆಲ ಬಾಯಿ ಬಿಡ್ಬಾರ್ದಾ ಅನ್ಸಿತು ಕಣೇ."

ಸೊಸೆ ಆ ಸಂಜೆ ಜಗಳ ತೆಗೆಯಲಿಲ್ಲ. ಆಲೂಗಡ್ಡೆ ಬೇಯಿಸಿ ಎಲ್ಲರಿಗೂ ಬಡಿಸಿದಳು. ಹಳದಿ ಬಟ್ಟೆಯನ್ನು ಕಸದ ಡಬ್ಬಿಗೆ ಹಾಕಿದಳು. ಗಂಡ ಎರಡು ಸಲ ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ, ನೀರು ಕುಡಿದ.

ಮರುದಿನ ಬೆಳಗ್ಗೆ ಅವಳು ಅಂಗಡಿಗೆ ಫೋನ್ ಮಾಡಿ ರಜೆ ಹೇಳಿದಳು. ಗಂಡ ತರಕಾರಿ ತರಲು ಕೆಳಗೆ ಹೋದದ್ದೇ ತಡ, ಪೆಟ್ಟಿಗೆಯ ವೈರು ಕಿತ್ತು, ಅವನ ಸಾಮಾನಿನ ಡಬ್ಬಿಯಿಂದ ದೊಡ್ಡ ಸ್ಕ್ರೂಡ್ರೈವರ್ ತೆಗೆದುಕೊಂಡಳು. ದಿನಕ್ಕೆ ನೂರು ಸಲ ಎಳ್ಳುಕಾಳಿನಷ್ಟು ಸ್ಕ್ರೂ ಬಿಚ್ಚಿ ಹಾಕುವ ಕೈ. ಪೆಟ್ಟಿಗೆಯ ಹಿಂಬದಿಯವು ತುಕ್ಕು ಹಿಡಿದು ಹಟ ಮಾಡಿದರೂ ಒಂದೊಂದಾಗಿ ಬಂದವು. ಮಗಳು ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು, ಚೀಲ ಇಳಿಸಿ ಅಮ್ಮನ ಪಕ್ಕದಲ್ಲಿ ಕೂತು ಸ್ಕ್ರೂಗಳನ್ನು ಬಟ್ಟಲಿಗೆ ಹಾಕತೊಡಗಿದಳು. ಅತ್ತೆ ಮಂಚದ ಮೇಲೆ ಎದ್ದು ಕೂತರು. ಬೇಡ ಎನ್ನಲಿಲ್ಲ.

ಹಿಂಬದಿಯ ಹಲಗೆ ಕಳಚಿ ಗೋಡೆಗೆ ಒರಗಿಸುವಾಗ ಗಂಡ ಬಂದ.

"ಏ! ಏನ್ ಮಾಡ್ತಿದೀಯಾ? ಕೈ ತೆಗಿ!"

"ದಾರಿ ಮಾಡ್ತಿದೀನಿ."

"ನಿನಗೆ ತಲೆ ಕೆಟ್ಟಿದೆಯಾ? ನಾನು ಏಳನೇ ಹಂತಕ್ಕೆ ಬಂದಿದೀನಿ! ಇನ್ನೊಂದು ದಿನ, ಒಂದೇ ದಿನ ಕೊಟ್ಟಿದ್ರೆ ಅದು ಬಿದ್ದುಹೋಗ್ತಿತ್ತು. ಮೂವತ್ನಾಲ್ಕು ವರ್ಷ ಕಣೇ! ನಾನು ಈ ಮನೇಲಿ ಬೇರೆ ಏನಾದ್ರೂ ಕೇಳಿದೀನಾ? ಕುಡೀತೀನಾ? ಇಸ್ಪೀಟ್ ಆಡ್ತೀನಾ?"

"ನೀವು ಕೇಳಿಲ್ಲ. ಅವರು ಕೇಳಿದ್ರು. ಮೂರು ಸಲ ಕರೆದ್ರು."

ಗಂಡನ ಮುಖ ಕಪ್ಪಿಟ್ಟಿತು. "ಅಮ್ಮಾ, ನೀನು ಇವಳಿಗೆ..."

"ಹೂಂ, ಹೇಳಿದೆ" ಎಂದರು ಅತ್ತೆ. "ಯಾಕೆ ಹೇಳ್ಬಾರ್ದಾ? ಮಾನ ನಂದಲ್ವಾ ಹೋಗಿದ್ದು?"

"ನಾನು ಬಂದೆ ಅಲ್ವಾ ಅಮ್ಮ... ಬರೋಷ್ಟರಲ್ಲಿ..."

"ಬರೋಷ್ಟರಲ್ಲಿ ಆಗಿಹೋಗಿತ್ತು. ಆ ದೈತ್ಯ ಬಿದ್ದ ಮೇಲೆ ಏನಾಗುತ್ತೆ ಅಂತ ಗೊತ್ತಾಗ್ಬೇಕು ನಿಂಗೆ, ಅಲ್ವಾ? ನಾನು ಹೇಳ್ತೀನಿ ಕೇಳು. ಅಂಗಡೀಲಿ ಮೂರು ಜನ ಹುಡುಗ್ರು ಅದನ್ನ ಬೀಳ್ಸಿದಾರೆ. ಮೂರು ಸಲನೂ ನಾನು ಅಲ್ಲೇ ಇದ್ದೆ. ಒಂದು ಚಿಕ್ಕ ಸಂಗೀತ ಬರುತ್ತೆ, ನಾಲ್ಕು ಉಸಿರಷ್ಟು. ಆಮೇಲೆ ಮತ್ತೆ ಮೊದಲ್ನೇ ಹಂತದ ಸಂಗೀತ ಶುರುವಾಗುತ್ತೆ. ಅದೇ ಬೀದಿ, ಅದೇ ಬಂಡಿ. ಅಷ್ಟೇ ಕಣೋ. ಹುಡುಗ್ರು ಥೂ ಅಂತ ಬಿಟ್ಟು ಹೋದ್ರು."

ಗಂಡ ತರಕಾರಿ ಚೀಲ ಹಿಡಿದುಕೊಂಡೇ ನಿಂತಿದ್ದ.

"ಸುಳ್ಳು" ಎಂದ.

"ನಿನ್ನ ಹತ್ರ ನಾನು ಯಾವತ್ತು ಸುಳ್ಳು ಹೇಳಿದೀನಿ?"

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು ನನ್ನನ್ನ? ನಿಮ್ಮಪ್ಪ ಕೇಳಿದ್ರಾ, ನೀನು ಕೇಳಿದ್ಯಾ? ಇಪ್ಪತ್ತು ವರ್ಷ ಅಲ್ಲಿ ಕೂತಿದ್ದೆ. 'ಬಾಮ್ಮ, ನೀನೊಂದು ಕೈ ಆಡು' ಅಂತ ಒಬ್ಬರೂ ಕರೀಲಿಲ್ಲ. ಚಿಲ್ಲರೆ ಕೊಡು ಅಂದ್ರು, ಕೊಟ್ಟೆ."

ಮಗಳು ಬಟ್ಟಲಿನ ಸ್ಕ್ರೂಗಳನ್ನು ಸುಮ್ಮನೆ ಬೆರಳಿನಿಂದ ತಿರುವುತ್ತಿದ್ದಳು. ಸೊಸೆ ಮತ್ತೆ ಬಗ್ಗಿ ಪೆಟ್ಟಿಗೆಯೊಳಗೆ ಕೈ ಚಾಚಿದಳು.

"ಅದನ್ನ ಮುಟ್ಬೇಡ" ಎಂದ ಗಂಡ ಒರಟಾಗಿ. "ಪಿಕ್ಚರ್ ಟ್ಯೂಬು. ವೈರ್ ಕಿತ್ತಿದ್ರೂ ಒಳಗೆ ಕರೆಂಟ್ ಉಳಿದಿರುತ್ತೆ. ಸತ್ತುಹೋಗ್ತೀಯಾ." ಚೀಲವನ್ನು ಕೆಳಗಿಟ್ಟ. ಅವಳ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡ. "ಆ ಕಡೆ ಸರಿ."

ಮಧ್ಯಾಹ್ನ ಪಾಳಿಗೆ ಹೋಗುವಷ್ಟರಲ್ಲಿ ಅವನು ಪೆಟ್ಟಿಗೆಯನ್ನು ಬಿಡಿಬಿಡಿ ಮಾಡಿ ಮುಗಿಸಿದ್ದ. ಒಂದೊಂದೇ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಮೂರು ಮಹಡಿ ಇಳಿಸಿದ. ಸೊಸೆ ಇನ್ನೊಂದು ತುದಿ ಹಿಡಿಯಲು ಹೋದರೆ "ಬೇಡ" ಎಂದ. ಕೆಳಗೆ ಗುಜರಿಯವನ ಗಾಡಿ ಬಂತು. ಐದು ವಾರ ನಾಲ್ಕು ಜನರಿಗಾಗಿ ಕಾದ ಕೆಲಸವನ್ನು ಒಬ್ಬನೇ ಮೂರು ಗಂಟೆಯಲ್ಲಿ ಮಾಡಿದ್ದ. ಅದನ್ನು ನೋಡಿ ಅವಳಿಗೆ ಸಮಾಧಾನವಾಗುವ ಬದಲು ಮೈಯೆಲ್ಲ ಇನ್ನಷ್ಟು ಉರಿಯಿತು.

ಆಮೇಲೆ ಅವನು ಮಾತು ಬಿಟ್ಟ. ಮುಖ ಊದಿಸಿಕೊಂಡು ಬಂದು ಊಟ ಮಾಡುತ್ತಿದ್ದ, ತಟ್ಟೆ ತೊಳೆದಿಡುತ್ತಿದ್ದ, ಅಮ್ಮನ ಮಾತ್ರೆಯನ್ನು ಗಡಿಯಾರ ನೋಡಿ ಕೊಡುತ್ತಿದ್ದ. ಏನಾದರೂ ಬೇಕಾದರೆ "ಪುಟಾಣಿ, ನಿಮ್ಮಮ್ಮನಿಗೆ ಹೇಳು" ಎನ್ನುತ್ತಿದ್ದ.

"ನಾನೇನು ಪೋಸ್ಟ್‌ಮ್ಯಾನಾ?" ಎಂದು ಮಗಳು ರೇಗಿದಳು. "ಇಬ್ರೂ ಎರಡಡಿ ದೂರದಲ್ಲಿದೀರಾ."

ಸೊಸೆಯೂ ಸೋಲಲಿಲ್ಲ. ತಾನು ಮಾಡಿದ್ದು ತಪ್ಪಲ್ಲ ಎಂದು ಅವಳಿಗೆ ಗೊತ್ತಿತ್ತು. ಬಟ್ಟೆಯ ಬೀರುವಿನಲ್ಲಿ ಅವನ ಅಂಗಿಗಳ ಕೆಳಗೆ ಟವೆಲ್ಲಿನಲ್ಲಿ ಸುತ್ತಿಟ್ಟ ಸರ್ಕ್ಯೂಟ್ ಬೋರ್ಡ್ ಸಿಕ್ಕಾಗ ಅದನ್ನು ಕೈಗೆತ್ತಿಕೊಂಡು ನೋಡಿದಳು. ಸುತ್ತಿ ಇದ್ದ ಹಾಗೇ ಇಟ್ಟು ಅಂಗಿಗಳನ್ನು ಸರಿಮಾಡಿದಳು.

ಅತ್ತೆ ಮಾತ್ರ ದಿನವೂ ನಡೆದರು. ಮೊದಲ ದಿನ ಮೂರು ಹೆಜ್ಜೆಗೆ ಕಾಲು ನಡುಗಿ ಮಂಚಕ್ಕೆ ಮರಳಿದರು. ಫಿಸಿಯೋ ಹುಡುಗಿ ಬೈದಳು, ಅತ್ತೆ ತಿರುಗಿ ಬೈದರು. ಮರುದಿನ ಐದು ಹೆಜ್ಜೆ. ಸೊಸೆ ಹಿಂದೆಯೇ ಕೈ ಚಾಚಿಕೊಂಡು ಬಂದರೆ "ನನ್ನ ನೆರಳಿನ ಹಾಗೆ ಅಂಟ್ಕೋಬೇಡ" ಎಂದು ಗದರಿದರು.

ಒಂಬತ್ತನೆಯ ದಿನ ಬೆಳಗ್ಗೆ ಸೊಸೆ ಮಗಳ ಊಟದ ಡಬ್ಬಿಗೆ ಬ್ರೆಡ್ಡು ತುಂಬುತ್ತಿದ್ದಳು. ಗಂಡ ಮೇಜಿನ ಹತ್ತಿರ ಟೀ ಕುಡಿಯುತ್ತಿದ್ದ. ಅತ್ತೆ ಯಾರನ್ನೂ ಕರೆಯಲಿಲ್ಲ. ವಾಕರಿನ ರಬ್ಬರ್ ಕಾಲುಗಳು ನೆಲಕ್ಕೆ ಒತ್ತುವ ಸದ್ದು, ಜೊತೆಗೆ ಕಾಲೆಳೆಯುವ ಸದ್ದು. ಬಚ್ಚಲಿನ ಬಾಗಿಲು ಕಿರುಗುಟ್ಟಿ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿತ್ತು.

ಸೊಸೆ ಚಾಕು ಕೆಳಗಿಟ್ಟು ಓಡಿ ಬಂದಳು. ಬಾಗಿಲಿಗೆ ಕಿವಿಯಿಟ್ಟಳು. ಸದ್ದಿಲ್ಲ. ಗಂಡ ಯಾವಾಗ ಎದ್ದು ಬಂದನೋ, ಅವಳ ಹಿಂದೆಯೇ ಉಸಿರು ಬಿಗಿಹಿಡಿದು ನಿಂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಬಾಗಿಲ ಹತ್ರ ಯಾರಾದ್ರೂ ನಿಂತಿದೀರೇನೇ?" ಒಳಗಿನಿಂದ ಅತ್ತೆಯ ದನಿ ಬಂತು.

"ಇಲ್ಲ ಅತ್ತೆ" ಎಂದಳು ಸೊಸೆ.

"ಯಾರೂ ಇಲ್ಲಮ್ಮ" ಎಂದ ಗಂಡ.